ಬಾಗಿಲ ಬಳೆ

ಇರಾನಿನ ಯಜ್ದ್ ಪಟ್ಟಣದ ಮಣ್ಣುಗೋಡೆಗಳ ಓಣಿ ಮಧ್ಯಾಹ್ನದ ಬಿಸಿಲಿಗೆ ಕಾದ ಕಾವಲಿಯಾಗಿತ್ತು. ಹಳೆಯ ಮನೆಯೊಂದರ ಬಾಗಿಲಲ್ಲಿ, ತಟ್ಟುವುದಕ್ಕೆಂದು, ಒಂದು ಕಡೆ ಕಬ್ಬಿಣದ ದಪ್ಪ ಪಟ್ಟಿ, ಇನ್ನೊಂದು ಕಡೆ ಸಣ್ಣ ಬಳೆ ತೂಗುತ್ತಿದ್ದವು.

"ರೀ, ಎರಡು ಯಾಕಿವೆ ಅಂತ ಬೆಳಿಗ್ಗೆ ಗೈಡ್ ಹೇಳಿದ್ದು ಕೇಳಿಸ್ತಾ?" ಎಂದಳು ಮಂದಾಕಿನಿ.

"ಆಮೇಲೆ ಹೇಳುವೆಯಂತೆ, ಸ್ವಲ್ಪ ಪಕ್ಕಕ್ಕೆ ನಿಲ್ಲು." ಪದ್ಮಾಕರ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ.

ಪಕ್ಕಕ್ಕೆ ಸರಿದವಳು ಎದೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕುಸಿದಳು.

ಓಣಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಗಾಬರಿಯಲ್ಲಿ ಕನ್ನಡದಲ್ಲೇ ಕೂಗುತ್ತ ಅವನು ದಪ್ಪ ಪಟ್ಟಿಯನ್ನು ಎತ್ತೆತ್ತಿ ಬಡಿದ. ಒಳಗಿನಿಂದ ಹೆಜ್ಜೆಗಳು ಬಾಗಿಲವರೆಗೂ ಬಂದವು, ನಿಂತವು, ಹಿಂದಕ್ಕೆ ಹೋದವು.

"ಕಟುಕರು!" ಎಂದು ಇನ್ನೂ ಜೋರಾಗಿ ಬಡಿದ.

ಮಂದಾಕಿನಿ ಕೈಯನ್ನು ಬಳೆಯತ್ತ ಚಾಚಿದಳು. ಅವನು ಅವಳ ಕೈಯನ್ನು ಹಿಡಿದು ಕೆಳಗಿಳಿಸಿದ. "ನೀನು ಸುಮ್ನಿರು, ನಾನಿದ್ದೀನಲ್ಲ."

ಆ ಕೈ ಮತ್ತೆ ಮೇಲೇಳಲಿಲ್ಲ.

ಅವಳನ್ನು ಎತ್ತಲು ಬಗ್ಗಿದ ಅವನು ಆಸರೆಗೆಂದು ಬಳೆಯನ್ನು ಹಿಡಿದ. ಅದು ಸಣ್ಣಗೆ ಟಣ್ ಎಂದಿತು. ಬಾಗಿಲು ತಕ್ಷಣ ತೆರೆಯಿತು.

ಹೊಸ್ತಿಲ ಮೇಲಿದ್ದವಳನ್ನು ಕಂಡು ಒಳಗಿನ ಹೆಂಗಸು ಚೀರಿದಳು. ಆಮೇಲೆ ಹರಕುಮುರುಕು ಇಂಗ್ಲಿಷಿನಲ್ಲಿ ಅಳುತ್ತ ಹೇಳಿದಳು: "ಪಟ್ಟಿ ಬಡಿದರೆ ಬಂದವರು ಗಂಡಸರು, ಬರೀ ಹೆಂಗಸರಿರುವ ಮನೆ ನಮ್ಮದು, ತೆಗೆಯುವುದಿಲ್ಲ. ಹೆಂಗಸರಿಗೆ ಬಳೆ. ಇದನ್ನು ನಿಮಗೆ ಯಾರೂ ಹೇಳಲೇ ಇಲ್ಲವೇ?"