ಅರ್ತಿಂಗ್ ಗುಂಡಿಗೆ ಒಂದು ಬಿಂದಿಗೆ

"ಪೂರ್ತಿ ಉಯ್ದುಬಿಡಿ ಅಕ್ಕಾ," ಎಂದ ಬಂಗಾರಪೇಟೆಯಿಂದ ಬಂದಿದ್ದ ಮೆಕ್ಯಾನಿಕ್ ಆಂಜಿನಪ್ಪ. "ನೆಲ ಒಣಗೋಗೈತೆ, ಅರ್ತು ಸಿಗ್ತಿಲ್ಲ. ಅದಕ್ಕೇ ಕಂಪ್ಯೂಟರು ಇಂಗೆ ಹ್ಯಾಂಗ್ ಆಗ್ತೈತೆ."

"ಉಯ್ದರೆ ಸರಿ ಓಗ್ತೈತಾ?"

"ಓಗ್ದೆ ಏನು!"

ಮುನಿರತ್ನಮ್ಮ ಮನೆಯ ಹೊರಗೆ ಕರೆಂಟಿನ ಅರ್ತ್ ತಂತಿ ಹೂತಿದ್ದ ಗುಂಡಿಯ ಮೇಲೆ ಬಿಂದಿಗೆ ಹಿಡಿದು ನಿಂತೇ ಇದ್ದಳು. ಉರಿಗಾಂನ ನಲ್ಲಿಗಳು ಒಣಗಿ ವಾರವಾಗಿತ್ತು. ಬೆಳಿಗ್ಗೆ ಟ್ಯಾಂಕರಿನ ಹಿಂದೆ ಜಗಳವಾಡಿ ತಂದ ನೀರು ಅದು. ಮನೆಯಲ್ಲಿ ಬೇರೆ ಹನಿ ಇರಲಿಲ್ಲ. ಆದರೆ ಗಂಡನ ಗಣಿ ಕೆಲಸ ಹೋದ ಮೇಲೆ ಒಲೆ ಉರಿಯುತ್ತಿದ್ದುದು ಆ ಕಂಪ್ಯೂಟರಿನಿಂದಲೇ. ಒಳಗೆ ಒಂದು ಲಗ್ನಪತ್ರಿಕೆ ಅರ್ಧಕ್ಕೇ ನಿಂತಿತ್ತು. ಸಂಜೆಗೆ ಕೊಡದಿದ್ದರೆ ಉಳಿದಿದ್ದ ಈ ಒಬ್ಬ ಗಿರಾಕಿಯೂ ರಾಬರ್ಟ್‌ಸನ್‌ಪೇಟೆಯ ಅಂಗಡಿಗೆ ಹೋಗುತ್ತಿದ್ದ. ಕಣ್ಣು ಮುಚ್ಚಿ ಬಗ್ಗಿಸಿದಳು. ನೆಲ ಗಟಗಟನೆ ಕುಡಿಯಿತು.

ಆಂಜಿನಪ್ಪ ಒಳಗೆ ಬಂದು ಸ್ವಿಚ್ ಒತ್ತಿದ. ಪರದೆಯ ಮೇಲೆ ಪತ್ರಿಕೆ ತೆರೆದುಕೊಂಡಿತು. ಗಣಪತಿ ಮೂಡಿದ, ವಧುವಿನ ಹೆಸರು ಬಂತು. ಮುನಿರತ್ನಮ್ಮ ವರನ ಹೆಸರು ಟೈಪ್ ಮಾಡತೊಡಗಿದಳು. ಎರಡಕ್ಷರ ಮೂಡಿತು, ಮುಂದಿನದು ಬರಲಿಲ್ಲ. ಮೌಸ್ ಎಳೆದಳು, ಬಾಣ ಅಲ್ಲಾಡಲಿಲ್ಲ. ಸಿಕ್ಕಸಿಕ್ಕ ಕೀಲಿಗಳನ್ನೆಲ್ಲ ಕುಟ್ಟಿದಳು.

"ಒಳಗಿನ ಮದರ್‌ಬೋರ್ಡೇ ಓಗ್ಬಿಟ್ಟೈತೆ ಅಕ್ಕಾ, ಇದು ನನ್ ಕೈಯಲ್ಲಿ ಆಗಲ್ಲ," ಎಂದು ಆಂಜಿನಪ್ಪ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿದ. ತೋಳಿನಿಂದ ಕತ್ತಿನ ಬೆವರು ಒರೆಸಿಕೊಂಡ. "ಬಿಸಿಲಲ್ಲಿ ಸೈಕಲ್ ತುಳ್ಕೊಂಡ್ ಬಂದೆ. ಒಂದ್ ಲೋಟ ನೀರು ಕೊಡಿ."

ಮನೆಗೆ ಬಂದವರನ್ನು ನೀರು ಕೊಡದೆ ಕಳಿಸಿದವಳಲ್ಲ ಅವಳು. ಎದ್ದು ಹೋಗಿ ಲೋಟ ತಂದು ಅವನ ಮುಂದಿಟ್ಟಳು. ಅದರ ಮೇಲೆ ಬಿಂದಿಗೆ ಬಗ್ಗಿಸಿದಳು. ಬಗ್ಗಿಸಿ, ಹಾಗೇ ಹಿಡಿದು ನಿಂತಳು.