ಅಪ್‌ಡೇಟ್ ಆದ ಮೇಲೆ

ಅಪ್‌ಡೇಟ್ ಒತ್ತಿದ್ದು ತಾನೇ. ಹಾಗಿದ್ದ ಮೇಲೆ ತಪ್ಪೂ ತನ್ನದೇ ಇರಬೇಕಲ್ಲವೇ? ಆದರೆ ನಿನ್ನೆ ಸಂಜೆ ಸರಿಮಾಡಿ, ಆಫ್ ಮಾಡಿ ಆನ್ ಮಾಡಿ, ಲ್ಯಾಪ್‌ಟಾಪ್ ತಾನಾಗಿಯೇ ನೆಟ್ ಹಿಡಿಯುವುದನ್ನು ಕಣ್ಣಾರೆ ನೋಡಿಯೇ ಹೋಗಿದ್ದ. ಬೆಳಗಾಗುವುದರೊಳಗೆ ಮತ್ತೆ ಕೆಟ್ಟಿದ್ದು ಹೇಗೆ? ಅಕ್ಕನ ಮೇಜಿನ ಮುಂದೆ ಕುರ್ಚಿಯ ತುದಿಯಲ್ಲಿ ಕೂತು ಉಗುರು ಕಚ್ಚಿದ ತಮ್ಮ.

"ಬಂತೇನೋ?" ಅಕ್ಕ ಹೆಡ್‌ಫೋನನ್ನು ಕೊರಳಿಗೆ ಹಾಕಿಕೊಂಡು ಬಾಗಿಲಿಗೂ ಕಿಟಕಿಗೂ ಅಡ್ಡಾಡುತ್ತಿದ್ದಳು.

"ಒಂದ್ನಿಮಿಷ ಇರಕ್ಕ."

"ನಿನ್ನೆನೂ ಅದೇ ಅಂದೆ. ಆವತ್ತು ವಿಂಡೋಸ್ ತೆಗೆದು ಲಿನಕ್ಸ್ ಹಾಕ್ತೀನಿ, ಈ ಹಳೇ ಡಬ್ಬಾನೂ ಕುದುರೆ ಥರ ಓಡುತ್ತೆ ಅಂತಿದ್ದೆ. ನಿನ್ನ ಕುದುರೆ ಕಾಲು ಚಾಚಿ ಮಲಗಿದೆ ನೋಡು."

ಮೀಟಿಂಗುಗಳಲ್ಲಿ ಜನ ಆಡುವ ಮಾತನ್ನು ಕೇಳುತ್ತ ಕೇಳುತ್ತಲೇ ಟೈಪು ಮಾಡಿ, ಕಿವಿ ಕೇಳದವರ ಪರದೆಗೆ ಕಳಿಸುವುದು ಅಕ್ಕನ ಕೆಲಸ. ಶುರುವಾಗುವ ಹೊತ್ತಿಗೆ ಅವಳು ಇರದಿದ್ದರೆ ಆ ಮೀಟಿಂಗ್ ಬೇರೆಯವರ ಪಾಲು. ಮೊನ್ನೆ ಹಾಗಾಯಿತು, ನಿನ್ನೆಯೂ ಹಾಗೇ ಆಯಿತು. ಇವತ್ತೂ ತಪ್ಪಿದರೆ ನಾಳೆಯಿಂದ ಬರುವುದೇ ಬೇಡ ಎಂದು ಮೇಲಿನವರು ಹೇಳಿಯಾಗಿತ್ತು. ಭಾವನ ಕಾರ್ಖಾನೆ ಮುಚ್ಚಿದ ಮೇಲೆ ಮನೆ ನಡೆಯುತ್ತಿದ್ದದ್ದು ಈ ಕೆಲಸದಿಂದಲೇ. ಅವಳು ಕೇಳಿಸಿಕೊಳ್ಳುವಾಗ ಮನೆಯಲ್ಲಿ ಸೂಜಿ ಬಿದ್ದರೂ ಸದ್ದಾಗಬಾರದು. ಭಾವ ಮಿಕ್ಸಿ ಹಾಕುತ್ತಿರಲಿಲ್ಲ. ಕೆಮ್ಮು ಬಂದರೆ ಹೊರಗೆ ಮೆಟ್ಟಿಲಿಗೆ ಹೋಗಿ ಕೆಮ್ಮಿ ಬರುತ್ತಿದ್ದರು.

ಅವನು ಸೆಟ್ಟಿಂಗ್ಸ್ ತೆರೆದ. ಸುತ್ತಮುತ್ತಲ ಮನೆಗಳ ವೈಫೈ ಎಲ್ಲ ಕಾಣುತ್ತಿತ್ತು. ಅಂದರೆ ಯಂತ್ರಕ್ಕೆ ಏನೂ ಆಗಿಲ್ಲ. ಲ್ಯಾಪ್‌ಟಾಪ್ ನೆನಪಿಟ್ಟುಕೊಂಡಿದ್ದ ಹೆಸರುಗಳ ಮೇಲೆ ಕಣ್ಣಾಡಿಸಿದ. ಅವನ ರೂಮಿನದು ಇತ್ತು, ಅಕ್ಕನ ಫೋನಿನದು ಇತ್ತು, ಯಾವತ್ತೋ ಒಮ್ಮೆ ಹೋಗಿದ್ದ ಲೈಬ್ರರಿಯದೂ ಇತ್ತು. ಈ ಮನೆಯದು ಮಾತ್ರ ಇರಲಿಲ್ಲ. ಎರಡು ದಿನ ಗಡಿಬಿಡಿಯಲ್ಲಿ ಪಾಸ್‌ವರ್ಡ್ ಮತ್ತೆ ಹೊಡೆದು, ಅಪ್‌ಡೇಟೇ ಇದನ್ನು ನುಂಗಿದೆ ಎಂದುಕೊಂಡಿದ್ದ. ನುಂಗುವುದಾದರೆ ಎಲ್ಲವನ್ನೂ ನುಂಗಬೇಕಿತ್ತು. ಮೇಲಾಗಿ, ರಾತ್ರಿಯಿಂದೀಚೆಗೆ ಯಾವ ಅಪ್‌ಡೇಟೂ ಆಗಿರಲಿಲ್ಲ.

"ಭಾಮೈದರೇ," ಭಾವ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ನಿಮ್ಮ ಅಪ್‌ಡೇಟು ಮನೆ ಅಳಿಯನ ಥರ ಆಯ್ತಲ್ಲ. ಬಂದಿದ್ದು ಎಲ್ಲರಿಗೂ ಗೊತ್ತು, ಬಂದು ಏನು ಮಾಡ್ತಿದೆ ಅಂತ ಯಾರಿಗೂ ಗೊತ್ತಿಲ್ಲ."

ಅಕ್ಕ ಪಕ್ಕನೆ ನಕ್ಕಳು. ಭಾವ ನಗಲಿಲ್ಲ. ಅವರ ಕಣ್ಣು ತಮ್ಮನ ಬೆರಳುಗಳ ಮೇಲಿತ್ತು.

ಭಾನುವಾರ ಅಪ್‌ಡೇಟ್ ಇಳಿಯುತ್ತಿದ್ದಾಗ ಭಾವ ಇದೇ ಕುರ್ಚಿಯ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಒಂದೊಂದನ್ನೇ ಕೇಳಿದ್ದರು. ಇದು ಯಾತಕ್ಕೆ, ಅದು ಯಾತಕ್ಕೆ. ವೈಫೈ ಹೆಸರಿನ ಪಕ್ಕ 'ಮರೆತುಬಿಡು' ಅಂತಿದೆಯಲ್ಲ, ಅದನ್ನು ಒತ್ತಿದರೆ? ಕೇಳುವವರು ಸಿಕ್ಕ ಹುರುಪಿನಲ್ಲಿ ತಮ್ಮ ಎಲ್ಲವನ್ನೂ ಬಿಡಿಸಿ ಹೇಳಿದ್ದ. ಮರುದಿನವೇ ಅಕ್ಕನ ಫೋನು ಬಂದಿತ್ತು. ನಿನ್ನೆ ಅವನು ಬರುವಷ್ಟರಲ್ಲಿ ಮೀಟಿಂಗ್ ಕೈತಪ್ಪಿ ಹೋಗಿತ್ತು. ಗಂಡ ಹೆಂಡತಿ ಇಬ್ಬರೂ ಅಡುಗೆಮನೆಯಲ್ಲಿದ್ದರು. ಅಕ್ಕ ಕಟ್ಟೆಯ ಮೇಲೆ ಕೂತು ಕಾಲು ಆಡಿಸುತ್ತ ಮೇಲಿನವರನ್ನು ಬೈಯುತ್ತಿದ್ದಳು. ಭಾವ ಮಿಕ್ಸಿ ತಿರುಗಿಸುತ್ತ, ಅದರ ಸದ್ದಿಗಿಂತ ಜೋರಾಗಿ ಏನೋ ಹೇಳಿ ಅವಳನ್ನು ನಗಿಸುತ್ತಿದ್ದರು.

ಅವನು ಒಮ್ಮೆ ಭಾವನ ಕಡೆ ನೋಡಿ ಮತ್ತೆ ಪರದೆಗೆ ತಿರುಗಿದ. ಪಾಸ್‌ವರ್ಡ್ ಹೊಡೆಯುವಾಗ ಒಂದಕ್ಷರ ತಪ್ಪಿತು. ಮತ್ತೆ ಹೊಡೆದ.

"ಹೊತ್ತಾಯ್ತು ಕಣೋ," ಎಂದಳು ಅಕ್ಕ. ಈಗ ದನಿಯಲ್ಲಿ ತಮಾಷೆ ಇರಲಿಲ್ಲ.

ನೆಟ್ ಹಿಡಿಯಿತು. ಅವನು ಅಷ್ಟಕ್ಕೇ ಏಳಲಿಲ್ಲ. ಇನ್ನು ಮುಂದೆ ಈ ಹೆಸರನ್ನು ಯಾರು ಮುಟ್ಟಲು ಹೋದರೂ ತನ್ನ ಪಾಸ್‌ವರ್ಡ್ ಕೇಳುವಂತೆ ಮಾಡಿ, ಆಮೇಲೆ ಎದ್ದ. ಅಕ್ಕ ಅವನನ್ನು ಹೆಚ್ಚುಕಡಿಮೆ ತಳ್ಳಿಯೇ ಕೂತಳು.

"ಏನಾಗಿತ್ತೋ?"

"ಅಪ್‌ಡೇಟ್‌ದೇ ಅಕ್ಕ. ಇನ್ನು ಹೀಗಾಗಲ್ಲ."

"ಇನ್ನೊಂದ್ಸಲ ಅಪ್‌ಡೇಟ್ ಅಂತ ಬಾ, ಕಾಲು ಮುರೀತೀನಿ." ಹೆಡ್‌ಫೋನ್ ಕಿವಿಗೇರಿತು. ಅವಳ ಬೆರಳುಗಳು ಆಗಲೇ ಓಡತೊಡಗಿದ್ದವು. ತಮ್ಮ ಹೊರಗೆ ಬಂದು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ.

ನಡುಮನೆಯಲ್ಲಿ ಭಾವ ತಗ್ಗಿದ ದನಿಯಲ್ಲಿ ಕೇಳಿದರು: "ಇನ್ನು ನೆಟ್ ಹೋಗಲ್ಲ ಅನ್ನು."

"ಹೋಗಲ್ಲ ಭಾವ. ತೆಗೀಬೇಕು ಅಂದ್ರೆ ನನ್ನ ಪಾಸ್‌ವರ್ಡ್ ಕೇಳುತ್ತೆ."

ಭಾವ ತಲೆದೂಗಿದರು. ಲೋಟವನ್ನು ಎಲ್ಲಿಡಬೇಕೆಂದು ತೋಚದವರಂತೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದರು. "ಒಳ್ಳೇದಾಯ್ತು ಬಿಡು. ಅವಳ ಕೆಲಸ ಉಳೀತು."

"ಮಧ್ಯಾಹ್ನ ಬಿಡುವಿರುತ್ತಲ್ವಾ ಅಕ್ಕಂಗೆ?"

"ಇರುತ್ತೆ," ಎಂದರು ಭಾವ. "ಆವಾಗ ಮಲಗ್ತಾಳೆ. ದಿನಾ ಅಷ್ಟು ಮಾತು ಕೇಳಿರ್ತಾಳಲ್ಲ, ಇನ್ನೊಂದು ಮಾತು ಬೇಡ ಅನ್ಸುತ್ತೆ ಪಾಪ."

ಅವನು ಚಪ್ಪಲಿ ಮೆಟ್ಟಿಕೊಂಡ. ಬಾಗಿಲ ತನಕ ಹೋದವನು ತಿರುಗಿ ನೋಡಿದ. ಭಾವ ಅವನನ್ನೇ ನೋಡುತ್ತಿದ್ದರು, ಏನನ್ನೋ ಕಾಯುವವರ ಹಾಗೆ. "ಬರ್ತೀನಿ ಭಾವ," ಎಂದ.

ಎಲ್ಲವನ್ನೂ ಬಿಟ್ಟು ಒಂದೇ ಒಂದು ಹೆಸರನ್ನು ಯಾವ ಅಪ್‌ಡೇಟೂ ಅಳಿಸುವುದಿಲ್ಲ ಎಂದು ಅವನು ಅಕ್ಕನಿಗೂ ಹೇಳಲಿಲ್ಲ, ಭಾವನಿಗೂ ಹೇಳಲಿಲ್ಲ.