ಶಾವಂತ್ರವ್ವನ ಬಲಗೈ ಮತ್ತು ಉಪ್ಪುನೀರಿನ ಈಜುಕೊಳ

ಐವತ್ತು ದಾಟಿದವರ ಸವೆದ ಅಂಗ ತೆಗೆದು ಕಬ್ಬಿಣದ್ದು ಕೂಡಿಸುವುದು ವಿಜಯಪುರದಲ್ಲಿ ಈಗ ಹಲ್ಲು ಕೀಳಿಸಿದಷ್ಟೇ ಮಾಮೂಲು. ಶಾವಂತ್ರವ್ವನ ಕಬ್ಬಿಣದ ಬಲಗೈ ರೊಟ್ಟಿ ಬಡಿದರೆ ಏಳು ಊರಿನ ಜನ ತಾಟು ಹಿಡಿದು ಓಡಿಬರುತ್ತಿದ್ದರು. ನಂಬದವರು ಐದು ಎಂದುಕೊಳ್ಳಲಿ. ಅವಳ ಹೊಟ್ಟೆಪಾಡೇ ಆ ಕೈ. ಪಕ್ಕದ ಮನೆಯ ಗುರಪಾದಪ್ಪ ಈಜುಕೊಳಕ್ಕೆ ನೀರು ಉಪ್ಪಾಗಿಸುವ ಯಂತ್ರ ಹಾಕಿಸಿದ್ದೇ ತಡ, ಗೋಡೆ ಹಾರಿ ಬಂದ ಹನಿಗೆ ಅವಳ ಕರಿಬೇವು ಒಣಗಿತು, ಬೆರಳುಗಳು ತುಕ್ಕು ಹಿಡಿದು ಬಿಗಿದವು.

ಬೆರಳಿಗೆ ಹಚ್ಚಲು ತಂದ ಕುಸುಬಿ ಎಣ್ಣೆಯ ಗಿಂಡಿಯೊಂದಿಗೇ ಅವಳು ಜಗಳಕ್ಕೆ ನುಗ್ಗಿದಳು. "ಏ ಗುರಪಾದ, ನಿನ್ನ ಉಪ್ಪು ನನ್ನ ಕೈ ತಿಂತು!"

ಎದೆಮಟ್ಟದ ನೀರಲ್ಲಿ ನಿಂತವನು ಗುರುಗುಟ್ಟಿದ. "ಉಪ್ಪುನೀರು ಚರ್ಮಕ್ಕ ಬೆಣ್ಣಿ ಇದ್ದಂಗ ಅಂತ ಅಂಗಡ್ಯಾಂವ ಹೇಳ್ಯಾನ. ನಡಿ ಹೊರಗ!"

"ನಿನಗ ಚರ್ಮ ಎಲ್ಲಿ ಉಳದೈತಿ? ಸೊಂಟದ ಕೆಳಗ ಎಲ್ಲಾ ಕಬ್ಬಿಣ. ತಾಕತ್ತಿದ್ರ ಮ್ಯಾಲ ಬಂದು ಹೊರಗ ಹಾಕು."

ಅವನು ಬರಲಿಲ್ಲ. ಎರಡೂ ಮೊಣಕಾಲು ತುಕ್ಕಿಗೆ ಕಚ್ಚಿಕೊಂಡು ಮೂರು ತಾಸಾಗಿತ್ತು.

"ಯಕ್ಕಾ," ಅವನ ದನಿ ಇಳಿಯಿತು, "ಆ ಎಣ್ಣಿ ಒಂಚೂರು ಕೊಡು."

ಶಾವಂತ್ರವ್ವ ಮೆಟ್ಟಿಲ ಮೇಲೆ ಕೂತು ಕಡೆಯ ಹನಿಯವರೆಗೂ ತನ್ನ ಬೆರಳಿಗೇ ಹೊಯ್ದುಕೊಂಡಳು. ಬೆರಳು ಕಿರ್ರೆಂದು ಬಿಚ್ಚಿದವು.

"ಇನ್ನೂರು ರೊಟ್ಟಿ ಬಡಿಯೂದೈತಿ," ಎಂದು ಎದ್ದಳು. "ಅಲ್ಲೀತನಕ ಬೆಣ್ಣ್ಯಾಗ ನಿಂದ್ರು."